ದೀಪದ ಹೊತ್ತಿನ ಮಡಿಲು

ನಮ್ಮೂರಿನಲ್ಲಿ ಸಂಜೆಯಾಗುವುದು ನಾನು ಸ್ವಿಚ್ ಹಾಕಿದಾಗ. ಸೂರ್ಯ ಮುಳುಗಿದರೆ ಸಾಲದು. ಪುರಸಭೆಯ ಹಿಂಭಾಗದ ತಗಡಿನ ಕೋಣೆಯಲ್ಲಿ ದಪ್ಪ ಹಿಡಿಯ ಸ್ವಿಚ್ ಒಂದಿದೆ. ಅದನ್ನು ಮೇಲಕ್ಕೆತ್ತಿದರೆ ಊರಿನ ಬೀದಿದೀಪಗಳೆಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತವೆ. ಆಮೇಲೆಯೇ ಮನೆಗಳಲ್ಲಿ ದೀಪ ಹಚ್ಚುತ್ತಾರೆ. ನನಗಿಂತ ಮುಂಚೆ ಈ ಕೆಲಸದಲ್ಲಿದ್ದವರು ಬೀಡಿ ಸೇದುತ್ತಲೇ ಒಂದು ಕೈಯಲ್ಲಿ ಹಿಡಿ ಎತ್ತಿಬಿಡುತ್ತಿದ್ದರಂತೆ. ನನಗೆ ಅಷ್ಟು ಧೈರ್ಯವಿಲ್ಲ. ಮೊದಲು ಹೊರಗೆ ಬಂದು ಗಂಟೆ ಬಾರಿಸುತ್ತೇನೆ. ಯಾರಾದರೂ ಓಡಿ ಬರುತ್ತಿದ್ದಾರೆಯೇ ಎಂದು ಬೀದಿಯ ಎರಡೂ ತುದಿ ನೋಡುತ್ತೇನೆ. ಇನ್ನೊಮ್ಮೆ ಬಾರಿಸಿ, ಇನ್ನೊಮ್ಮೆ ನೋಡಿ, ಆಮೇಲೆ ಎರಡೂ ಕೈಯಲ್ಲಿ ಹಿಡಿ ಎತ್ತುತ್ತೇನೆ. ಹೀಗಾಗಿ ಸಂಜೆ ಕಾಲೇಜಿನಲ್ಲಿ ಓದುವಾಗ ನನಗೆ ಒಂದು ದಿನವೂ ಮೊದಲ ಪಾಠ ಸಿಕ್ಕಲಿಲ್ಲ. ಯಾವ ವಿಷಯವೂ ನನಗೆ ಆರಂಭದಿಂದ ಗೊತ್ತಿಲ್ಲ ಎಂಬ ಅಳುಕು ಇವತ್ತಿಗೂ ಹೋಗಿಲ್ಲ.

ಇಷ್ಟು ಎಚ್ಚರವೆಲ್ಲ ಮಡಿಲಿನಿಂದಾಗಿ. ನಮ್ಮಲ್ಲಿ ಬಸುರಿಯಾದವಳು ತನ್ನ ಬಸಿರನ್ನು ಹಗಲಿನ ಮಟ್ಟಿಗೆ ಇನ್ನೊಬ್ಬರಿಗೆ ಕೊಡಬಹುದು. ಎದುರುಬದುರು ನಿಂತು, ಸೆರಗಿಗೆ ಸೆರಗು ಗಂಟು ಹಾಕಿ, ಒಂದೇ ತುತ್ತನ್ನು ಅರ್ಧ ಅರ್ಧ ತಿಂದರೆ ಆಯಿತು, ಹೊಟ್ಟೆ ಎದುರಿನವರದಾಗುತ್ತದೆ. ಗಂಡಸರಾದರೆ ಹೆಗಲ ಟವೆಲ್ಲಿನ ತುದಿ. ಮಡಿಲು ಕೊಡುವುದು, ಮಡಿಲು ತೆಗೆದುಕೊಳ್ಳುವುದು ಎನ್ನುತ್ತೇವೆ. ಮಗಳು ಪರೀಕ್ಷೆ ಬರೆಯುವಾಗ ತಾಯಿ ಹೊತ್ತುಕೊಂಡು ಶಾಲೆಯ ಹೊರಗೆ ಮರದಡಿ ಕೂತಿರುತ್ತಾಳೆ. ಬೆನ್ನುನೋವಿನ ಹೆಂಡತಿ ಒಂದು ನಿದ್ದೆ ತೆಗೆಯಲಿ ಎಂದು ಗಂಡ ಹೊತ್ತುಕೊಂಡು ಕ್ಷೌರಕ್ಕೆ ಹೋಗುತ್ತಾನೆ. ಕ್ಷೌರದವನು ಹೊಟ್ಟೆ ಅಡ್ಡ ಬರುತ್ತದೆ ಎಂದು ಗೊಣಗುತ್ತಾನೆ. ಕಟ್ಟಳೆ ಒಂದೇ. ದೀಪದ ಹೊತ್ತಿಗೆ ವಾಪಸ್ ಕೊಡಬೇಕು. ದೀಪ ಹತ್ತಿದಾಗ ಕೂಸು ಯಾರ ಮಡಿಲಲ್ಲಿದೆಯೋ ಅದು ಅವರದು. ಹೆರಿಗೆ ನೋವು ಶುರುವಾದ ಮೇಲಂತೂ ಯಾರೂ ಯಾರಿಗೂ ಕೊಡುವಂತಿಲ್ಲ, ಯಾರ ಹೊಟ್ಟೆಯಲ್ಲಿದೆಯೋ ಅವರೇ ಹೆರಬೇಕು. ಹುಟ್ಟಿದ ಕೂಸಿಗೂ ದೀಪದ ಮಾತು ಅನ್ವಯಿಸುತ್ತದೆ. ಹುಟ್ಟಿದ ದಿನ ಅದನ್ನು ತಾಯಿಯ ಮಡಿಲಲ್ಲಿ ಮಲಗಿಸಿ, ಬಾಗಿಲು ತೆರೆದಿಟ್ಟು, ಬೀದಿದೀಪ ಹತ್ತುವುದನ್ನು ಕಾಯುತ್ತಾರೆ. ದೀಪ ಕಂಡ ಮೇಲೆ ಅದು ಆ ಮನೆಯ ಮಗು. ದೀಪ ಕಾಣದೆ ಹೋದ ಕೂಸು ಯಾರದೂ ಅಲ್ಲ. ಅದಕ್ಕಾಗಿ ಅಳುವುದಕ್ಕೂ ಯಾರಿಗೂ ಹಕ್ಕಿಲ್ಲ ಎಂದು ಹಿರಿಯರು ಹೇಳುತ್ತಾರೆ.

ನನಗೆ ಯಾರೂ ಮಡಿಲು ಕೊಟ್ಟಿರಲಿಲ್ಲ. ಮದುವೆಯಾಗಿಲ್ಲ ಎಂಬುದು ಕಾರಣವಲ್ಲ, ನಮ್ಮಲ್ಲಿ ಅದನ್ನೆಲ್ಲ ನೋಡುವುದಿಲ್ಲ. ನನ್ನ ಎದೆ ಹೊಲಿಗೆ ಯಂತ್ರದ ಹಾಗೆ ಹೊಡೆದುಕೊಳ್ಳುತ್ತದೆ, ಒಳಗಿರುವ ಕೂಸಿಗೆ ನಿದ್ದೆ ಬರುವುದಿಲ್ಲ ಎಂದು ಬೀದಿಯವರು ನಗುತ್ತಿದ್ದರು. ನನಗೂ ಅದು ಸರಿಯೆಂದೇ ಅನ್ನಿಸುತ್ತಿತ್ತು.

ನನ್ನ ತಮ್ಮ ಈರಣ್ಣನ ಹೆಂಡತಿ ಸೇವಂತಿ ಬಸುರಿಯಾದಾಗ ಮೂವರೂ ಒಂದೇ ಮನೆಯಲ್ಲಿದ್ದೆವು. ಅವನು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ, ಅವಳು ಮನೆಯಲ್ಲೇ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಐದನೆಯ ತಿಂಗಳು ತುಂಬಿದಾಗ ಸ್ಕ್ಯಾನಿಂಗಿಗೆ ಕರೆದರು. ಅಕ್ಕ ಓದಿದವಳು, ಡಾಕ್ಟರ್ ಹೇಳಿದ್ದು ಅರ್ಥವಾಗುತ್ತದೆ ಎಂದು ತಮ್ಮ ನನ್ನನ್ನೂ ಕರೆದುಕೊಂಡು ಹೋದ. ಅರ್ಥವಾಯಿತು. ಆಗದಿದ್ದರೆ ಚೆನ್ನಾಗಿತ್ತು ಎಂದು ಅಲ್ಲಿಯೇ ಅನ್ನಿಸಿತು. ಕೂಸಿಗೆ ಎರಡೂ ಮೂತ್ರಪಿಂಡಗಳು ಮೂಡಿರಲಿಲ್ಲ. ಅದರಿಂದ ಸುತ್ತಲೂ ಇರಬೇಕಾದ ನೀರು ಇರಲಿಲ್ಲ, ನೀರಿಲ್ಲದೆ ಶ್ವಾಸಕೋಶ ಬೆಳೆಯುವುದಿಲ್ಲ. ಡಾಕ್ಟರಮ್ಮ ವಯಸ್ಸಾದವರು, ಮಾತನ್ನು ಮುಚ್ಚಿ ಹೇಳಲಿಲ್ಲ. ಒಳಗಿರುವಷ್ಟು ದಿನ ತಾಯಿಯ ಉಸಿರೇ ಅದರ ಉಸಿರು, ಅದಕ್ಕೆ ನೋವಿಲ್ಲ, ಅದು ಕೇಳಿಸಿಕೊಳ್ಳುತ್ತದೆ, ಕೈಕಾಲು ಆಡಿಸುತ್ತದೆ. ಹೊರಗೆ ಬಂದ ಮೇಲೆ ಅದು ತಾನೇ ಉಸಿರಾಡಬೇಕು, ಅದು ಆಗುವುದಿಲ್ಲ ಎಂದರು. ಕೆಲವು ನಿಮಿಷ ಇರಬಹುದು, ಕೆಲವು ಗಂಟೆ ಇರಬಹುದು. ಮುಂದುವರಿಸುವುದೂ ಬಿಡುವುದೂ ನಿನಗೆ ಬಿಟ್ಟದ್ದು, ಯಾವುದನ್ನು ಮಾಡಿದರೂ ನಾನು ನಿನ್ನ ಜೊತೆಗಿರುತ್ತೇನೆ ಎಂದು ಸೇವಂತಿಯ ಕೈ ಹಿಡಿದು ಹೇಳಿದರು.

ಮರುದಿನ ನಂಜಜ್ಜಿ ಬಂದಳು. ಇಂಥ ಬಸಿರುಗಳಿಗೆ ಊರಿನಲ್ಲಿ ನಂಜಜ್ಜಿ ಇದ್ದಾಳೆ. ಅವಳದು ಕಡೆಯ ಮಡಿಲು. ಉಳಿಯದ ಕೂಸನ್ನು ಅವಳು ಮಡಿಲಿಗೆ ತೆಗೆದುಕೊಂಡು, ಬಾಗಿಲು ಹಾಕಿಕೊಂಡು, ದೀಪದ ಹೊತ್ತು ದಾಟಿಸುತ್ತಾಳೆ. ಆಮೇಲೆ ಅದು ಅವಳದು. ಹೆರುವುದು, ಮಣ್ಣು ಮಾಡುವುದು ಎಲ್ಲ ಅವಳೇ. ತಾಯಿ ಖಾಲಿ ಹೊಟ್ಟೆಯಲ್ಲಿ ಮನೆಗೆ ಹೋಗಿ, ಏನೂ ಆಗಲಿಲ್ಲವೆಂಬಂತೆ ಒಲೆ ಹಚ್ಚುತ್ತಾಳೆ. ಹಾಗೆ ಹಗುರಾದ ಎಷ್ಟೋ ಹೆಂಗಸರು ನಂಜಜ್ಜಿಯನ್ನು ಕಂಡರೆ ಇವತ್ತಿಗೂ ಕಾಲು ಮುಟ್ಟುತ್ತಾರೆ. ಅವಳು ಕರುಣೆಯಿಲ್ಲದವಳೆಂದು ಯಾರೂ ಹೇಳಲಾರರು.

ಅಜ್ಜಿ ಚಾಪೆಯ ಮೇಲೆ ಕೂತು ಸೆರಗು ಬಿಡಿಸಿ ಮುಂದೆ ಹಾಸಿದಳು. "ಕೊಡು ಮಗಳೇ. ನಿಂಗ್ಯಾಕೆ ಆ ಸಂಕಟ? ನನ್ನ ಹೊಟ್ಟೆ ಇಂಥದ್ದೆಲ್ಲ ನೋಡಿದೆ."

ಸೇವಂತಿ ತಟ್ಟೆಯಲ್ಲಿ ಬೆಲ್ಲ ಹಾಕಿ ಅಜ್ಜಿಯ ಮುಂದಿಟ್ಟಳು. ತುತ್ತು ಮಾತ್ರ ಮುರಿಯಲಿಲ್ಲ. "ನಿಮ್ಮ ಋಣ ದೊಡ್ಡದು ಅಜ್ಜಿ," ಎಂದಳು. "ಆದ್ರೆ ಇದು ಇನ್ನೂ ಇದೆಯಲ್ಲ. ಇರೋದನ್ನ ಇಲ್ಲ ಅಂತ ಹೇಗೆ ಕೊಡಲಿ?"

ಅಜ್ಜಿಗೆ ಅವಮಾನವಾಯಿತೋ ದುಃಖವಾಯಿತೋ ನನಗೆ ತಿಳಿಯಲಿಲ್ಲ. ಸೆರಗು ಮಡಿಸಿಕೊಂಡು ಎದ್ದುಹೋದಳು, ಬೆಲ್ಲ ತಟ್ಟೆಯಲ್ಲೇ ಉಳಿಯಿತು. ತಮ್ಮ ಅಂದು ಊಟ ಮಾಡಲಿಲ್ಲ. ಇವಳಿಗೆ ಬುದ್ಧಿ ಹೇಳು ಎಂಬಂತೆ ನನ್ನ ಮುಖ ನೋಡಿದ. ಸರಿ ಅನ್ನಿಸಿದ್ದಕ್ಕೂ ತಪ್ಪು ಅನ್ನಿಸಿದ್ದಕ್ಕೂ ನಾನು ಸಮವಾಗಿ ಹೆದರುವವಳು.

ಅಲ್ಲಿಂದ ಮುಂದೆ ನಮ್ಮ ಮನೆಗೆ ಮಡಿಲು ಕೇಳಿಕೊಂಡು ಯಾರೂ ಬರಲಿಲ್ಲ. ಮೊದಲೆಲ್ಲ ಬೀದಿಯ ಹೆಂಗಸರು ನಾನು ತಾನು ಎಂದು ಸೇವಂತಿಯ ಕೂಸನ್ನು ಹೊತ್ತು ತಿರುಗುತ್ತಿದ್ದರು. ಈಗ ಹುಣಸೆ ತೊಕ್ಕು ಕೊಟ್ಟುಹೋಗುತ್ತಿದ್ದರು, ಹಪ್ಪಳ ಕೊಟ್ಟುಹೋಗುತ್ತಿದ್ದರು, ಹೊಸ್ತಿಲಿನಿಂದ ಈಚೆ ಬರುತ್ತಿರಲಿಲ್ಲ. ಅವರನ್ನು ದೂರುವಂತಿಲ್ಲ. ತಂತಮ್ಮ ಹೊಟ್ಟೆಯಲ್ಲಿದ್ದಾಗಲೇ ಅದು ನಿಂತುಹೋದರೆ ಎಂದು ಅವರಿಗೆ ಭಯ. ನಿಂತದ್ದನ್ನು ವಾಪಸ್ ಕೊಡಲಾಗುವುದಿಲ್ಲ. ಸೇವಂತಿ ಒಬ್ಬಳೇ ಹಗಲೂ ಹೊತ್ತಳು, ರಾತ್ರಿಯೂ ಹೊತ್ತಳು. ಹೊಟ್ಟೆಯೇನೂ ದೊಡ್ಡದಾಗಲಿಲ್ಲ, ನೀರಿಲ್ಲದ ಬಸಿರು. ಆದರೂ ಯಂತ್ರದ ಮುಂದೆ ಕೂತವಳು ನಡುನಡುವೆ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು.

ಒಂದು ಬೆಳಿಗ್ಗೆ ರಾಗಿ ರೊಟ್ಟಿ ತಿನ್ನುತ್ತಿದ್ದೆವು. ಸೇವಂತಿ ಒಂದು ಚೂರು ಮುರಿದು ಹಿಡಿದುಕೊಂಡು ನನ್ನನ್ನೇ ನೋಡಿದಳು.

"ಅಕ್ಕ, ನೀವು ತಗೋತೀರಾ?"

ನನಗೆ ನೀರು ನೆತ್ತಿಗೇರಿತು. ನನ್ನ ಎದೆಯ ಕಥೆ ನಿನಗೆ ಗೊತ್ತಲ್ಲ ಎಂದೆ.

"ಗೊತ್ತು. ಜೋರಾಗಿ ಕೇಳಿಸಲಿ ಬಿಡಿ. ನನ್ನದು ಕೇಳಿ ಕೇಳಿ ಅದಕ್ಕೂ ಬೇಜಾರಾಗಿರುತ್ತೆ."

"ನನ್ನ ಹತ್ರ ಇದ್ದಾಗಲೇ ಏನಾದ್ರೂ ಆದ್ರೆ, ಸೇವಂತಿ?"

ಆಗ ಅವಳು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಇದಕ್ಕೆ ಒಳಗಿರೋದೇ ಆಯಸ್ಸು ಅಕ್ಕ. ಆಯಸ್ಸೆಲ್ಲ ಈ ಯಂತ್ರದ ಮುಂದೆ ಕೂತು ಕಳೀಬೇಕಾ? ನಿಮ್ಮ ಜೊತೆ ಹೋಗಿ ಊರು ತಿರುಗಲಿ. ಸಂಜೆ ನನ್ನ ಹತ್ರ ಬರಲಿ. ಕೊನೇಲಿ ನಾನೇ ಹೆರ್ತೀನಿ. ಒಂದು ಸಲ ಅದರ ಮುಖ ನೋಡ್ಬೇಕು, ಇದು ಸೇವಂತಿ ಮಗು ಅಂತ ಊರು ಅನ್ಬೇಕು. ಅಷ್ಟೇ. ಅದಕ್ಕಿಂತ ಹೆಚ್ಚು ನಾನು ಯಾರನ್ನೂ ಕೇಳ್ತಿಲ್ಲ."

ಸೆರಗಿಗೆ ಸೆರಗು ಗಂಟು ಹಾಕಿದೆವು. ನನ್ನ ಪಾಲಿನ ರೊಟ್ಟಿ ಗಂಟಲಿನಲ್ಲಿ ಇಳಿಯುವಷ್ಟರಲ್ಲಿ ಅದು ಬಂದಿತ್ತು.

ಹೇಗಿತ್ತು ಎಂದು ಸರಿಯಾಗಿ ಹೇಳಬಲ್ಲೆನೋ ಇಲ್ಲವೋ. ತುಂಬಿದ ಕೊಡ ಸೊಂಟಕ್ಕೇರಿದಾಗ ಮೈ ತಾನಾಗಿ ಒಂದು ಕಡೆ ವಾಲಿ ಸರಿಮಾಡಿಕೊಳ್ಳುತ್ತದಲ್ಲ, ಹಾಗೆ ನನ್ನ ಇಡೀ ಮೈ ತಾನಾಗಿ ಸರಿಮಾಡಿಕೊಂಡಿತು. ಒಳಗೆ ಜಾಗ ಇಕ್ಕಟ್ಟು. ಕೂಸು ಮಗುಚಲು ನೀರಿಲ್ಲದೆ ಮುದುಡಿ ಕೂತಿತ್ತು. ನಾನು ಬಾಗಿಲು ದಾಟುವಾಗ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಎಂದಿನಂತೆ ತಿರುಗಿ ನೋಡಿದೆ. ಎದೆ ಎಂದಿನಂತೆ ಡವಗುಟ್ಟಿತು. ಆಗ ಒಳಗೆ ಒಂದು ಹಿಮ್ಮಡಿ ಮೆಲ್ಲಗೆ ಒತ್ತಿತು. ಮತ್ತೆ ಡವಗುಟ್ಟಿತು, ಮತ್ತೆ ಒತ್ತಿತು. ಊರೆಲ್ಲ ನಕ್ಕ ನನ್ನ ಎದೆಗೆ ಯಾರೋ ಒಳಗಿನಿಂದ ಉತ್ತರ ಕೊಡುತ್ತಿದ್ದರು. ನಾನು ಬೀದಿಯ ನಡುವೆ ನಿಂತುಬಿಟ್ಟೆ. ಸೈಕಲ್ಲಿನವನೊಬ್ಬ ಬೈದುಕೊಂಡು ಪಕ್ಕಕ್ಕೆ ಹೋದ.

ಅಂದು ಅದನ್ನು ಎಲ್ಲೆಲ್ಲಿಗೆ ಕರೆದೊಯ್ದೆ ಎಂದರೆ ನಗುತ್ತೀರಿ. ಪುರಸಭೆಯ ನಲ್ಲಿಯ ಸಾಲು, ಗ್ರಂಥಾಲಯದ ಫ್ಯಾನಿನ ಕೆಳಗೆ, ಕಾಲೇಜಿನ ಖಾಲಿ ತರಗತಿ. ಅಲ್ಲಿ ಮೊದಲ ಬೆಂಚಿನಲ್ಲಿ ಕೂತು, ನನಗೆ ಎಂದೂ ಸಿಗದ ಮೊದಲ ಪಾಠವನ್ನು ಪುಸ್ತಕ ತೆರೆದು ಅದಕ್ಕೆ ಓದಿ ಹೇಳಿದೆ. ದೀಪಕ್ಕೆ ಬಹಳ ಮುಂಚೆ ಓಡಿಬಂದು ವಾಪಸ್ ಕೊಟ್ಟೆ. ಸೇವಂತಿ ನಿದ್ದೆ ಮಾಡಿ ಎದ್ದಿದ್ದಳು, ಮುಖದಲ್ಲಿ ದಿಂಬಿನ ಗೆರೆ. "ಏನ್ ಮಾಡ್ತು?" ಎಂದು ಕೇಳಿದಳು. ಉತ್ತರ ಕೊಟ್ಟಿತು ಎಂದೆ.

ಈ ಮಾತು ನಲ್ಲಿಯ ಸಾಲಿಗೆ ತಲುಪಿತು. ದಾಕ್ಷಾಯಣಿಯಂಥ ಪುಕ್ಕಲಿಯೇ ಹೊತ್ತಳಂತೆ ಎಂದು ಮಾತಾಡಿಕೊಂಡರು. ಮೊದಲು ಬಂದವಳು ಬಳೆ ಮಾರುವ ಜುಲೇಖಾಬಿ. ಹೊಸ್ತಿಲಿನಲ್ಲಿ ಚಪ್ಪಲಿ ಬಿಟ್ಟು ನೇರ ಒಳಗೆ ಬಂದು, "ಏನ್ ದಾಕ್ಷಕ್ಕ, ಕೂಸಿಗೆ ಪಾಠ ಹೇಳಿದ್ಯಂತೆ? ಪಾಪ, ಅದೇನು ತಪ್ಪು ಮಾಡಿತ್ತು? ಕೊಡಮ್ಮ ಸೇವಂತಿ, ನನ್ನ ಜೊತೆ ಒಂದು ಸುತ್ತು ಬರಲಿ," ಎಂದಳು. ಸೇವಂತಿ ನಕ್ಕದ್ದನ್ನು ಎಷ್ಟೋ ದಿನದ ಮೇಲೆ ಕಂಡೆ. ಜುಲೇಖಾಬಿ ಸಂಜೆ ಬಂದು ಹೇಳಿದಳು: ಅವಳು ಬಳೇ ಎಂದು ಕೂಗಿದಾಗಲೆಲ್ಲ ಅದು ಸುಮ್ಮನಾಗಿ ಕೇಳುತ್ತಿತ್ತಂತೆ, ಗಾಜಿನ ಬಳೆ ಕೈಗೇರಿಸುವಾಗ ಕಾಲು ಆಡಿಸುತ್ತಿತ್ತಂತೆ.

ಆಮೇಲೆ ಗಂಟೆ ಎರೆಯುವ ವೀರಾಚಾರಿ ಬಂದರು. ಅಚ್ಚಿನಿಂದ ತೆಗೆದ ಗಂಟೆಯ ಮೊದಲ ನಾದವನ್ನು ಅವರು ಯಾರಿಗೂ ಕೇಳಿಸುವವರಲ್ಲ. ಆ ದಿನ ಹೊಸ ಗಂಟೆಯನ್ನು ಹೊಟ್ಟೆಗೆ ಹತ್ತಿರ ಹಿಡಿದು ಮರದ ಸುತ್ತಿಗೆಯಿಂದ ಒಂದೇ ಏಟು ಕೊಟ್ಟರಂತೆ. ನಾದ ಪೂರ್ತಿ ನಿಲ್ಲುವವರೆಗೂ ಕೂಸು ಅಲ್ಲಾಡಲಿಲ್ಲ, ನಿಂತ ಮೇಲೆ ಒಮ್ಮೆ ಒದ್ದಿತು, ಇನ್ನೊಂದು ಬಾರಿಸು ಎಂಬಂತೆ. ಇದನ್ನು ಹೇಳುವಾಗ ಅವರು ಟವೆಲ್ಲಿನ ಗಂಟು ಬಿಚ್ಚುವುದನ್ನೇ ಮರೆತಿದ್ದರು. ದಿನ ಕಳೆದಂತೆ ಕೂಸು ಕೆರೆ ಏರಿಯ ಮೇಲೆ ನಡೆಯಿತು, ಮಗ್ಗದ ಮುಂದೆ ಕೂತಿತು, ಭಜನೆ ಕೇಳಿತು, ಜಗಳ ಕೇಳಿತು. ಹೊತ್ತವರು ನಾನು ಹೋದೆ ಎನ್ನುತ್ತಿರಲಿಲ್ಲ. ಅದು ಕೆರೆ ನೋಡಿತು, ಅದು ಸಂತೆ ನೋಡಿತು ಎನ್ನುತ್ತಿದ್ದರು.

ಎಲ್ಲರಿಗಿಂತ ಹಿಂದೆ ಉಳಿದವನು ನನ್ನ ತಮ್ಮ. ಅವನು ಮಾತು ಕಡಿಮೆಯವನು, ಅಳುವುದೂ ಗೊತ್ತಿಲ್ಲದವನು. ಒಂದು ದಿನ ತಾನೇ ಟವೆಲ್ಲು ಮುಂದೆ ಚಾಚಿದ. ಅಂದು ಅವನಿಗೆ ಬುತ್ತಿ ಕೊಡಲು ಗಿರಣಿಗೆ ಹೋದೆ. ಕಲ್ಲು ತಿರುಗುವ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಈರಣ್ಣ ಹಿಟ್ಟು ಮೆತ್ತಿದ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ತುಟಿ ಬಿಡುವಿಲ್ಲದೆ ಮಾತಾಡುತ್ತಿದ್ದ. ನಾನು ಬುತ್ತಿಯನ್ನು ಬಾಗಿಲಲ್ಲೇ ಇಟ್ಟು ಬಂದೆ.

ಕೊನೆಯ ತಿಂಗಳು ಹತ್ತಿರವಾದಾಗ ನಂಜಜ್ಜಿ ಮತ್ತೆ ಬಂದಳು. ಈ ಸಲ ಸೆರಗು ಹಾಸಲಿಲ್ಲ, ತುದಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಳು. "ಇಟ್ಕೊಳ್ಳೋಕಲ್ಲ ಕಣೆ," ಎಂದಳು. "ವಾಪಸ್ ಕೊಡ್ತೀನಿ." ಇಡೀ ಮಧ್ಯಾಹ್ನ ಅವಳು ತನ್ನ ಮನೆಯ ಜಗಲಿಯಲ್ಲಿ, ಬಾಗಿಲು ಅಗಲವಾಗಿ ತೆರೆದಿಟ್ಟು, ಎಲ್ಲರಿಗೂ ಕಾಣುವಂತೆ ಕೂತಿದ್ದಳು. ನಾನು ಮೊದಲ ಗಂಟೆ ಬಾರಿಸುವ ಮುಂಚೆಯೇ ಬಂದು ಕೊಟ್ಟಳು. ಆ ಮಡಿಲಿನಿಂದ ಒಂದು ಕೂಸು ವಾಪಸ್ ಬಂದದ್ದು ಊರಿನಲ್ಲಿ ಅದೇ ಮೊದಲು. ಕೊಟ್ಟಮೇಲೆ ಅಜ್ಜಿ ತನ್ನ ಬರಿ ಹೊಟ್ಟೆಯನ್ನು ಸವರಿಕೊಳ್ಳುತ್ತ, ಹೀಗಿರುತ್ತಾ ಇದು ಎಂದು ತನಗೆ ತಾನೇ ಹೇಳಿಕೊಂಡಳು.

ಅಲ್ಲಿಂದ ಮುಂದೆ ಸೇವಂತಿ ಯಾರಿಗೂ ಕೊಡಲಿಲ್ಲ.

ನೋವು ಬಂದದ್ದು ಬೆಳಗಿನ ಹೊತ್ತು. ಪುರಸಭೆಯ ಬೀದಿಯ ಇನ್ನೊಂದು ತುದಿಯಲ್ಲಿರುವ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಮಾತಿನಂತೆ ಬಂದರು. ಮಧ್ಯಾಹ್ನ ಇಳಿದ ಮೇಲೆ ಹೆಣ್ಣು ಕೂಸು ಹುಟ್ಟಿತು. ಅಳಲಿಲ್ಲ. ಬೆಕ್ಕಿನ ಮರಿಯಂತೆ ಒಂದು ಸಣ್ಣ ಸದ್ದು ಮಾಡಿತು, ಅಷ್ಟೇ. ಮೂಗು ಸ್ವಲ್ಪ ಚಪ್ಪಟೆ, ಕಿವಿ ಕೊಂಚ ಕೆಳಗೆ, ಅಂಗೈ ಮಾತ್ರ ಅಗಲ, ನಮ್ಮ ತಮ್ಮನದೇ. ಡಾಕ್ಟರಮ್ಮ ಅದನ್ನು ಯಾವ ಯಂತ್ರಕ್ಕೂ ಒಡ್ಡಲಿಲ್ಲ, ಸೇವಂತಿಯ ಎದೆಯ ಮೇಲೆ ಇಟ್ಟು, ಬೆಚ್ಚಗೆ ಹೊದಿಸಿ, ಇರುವಷ್ಟು ಹೊತ್ತು ಇಲ್ಲೇ ಇರಲಿ ಎಂದರು.

ನಮ್ಮಲ್ಲಿ ಹೆಸರನ್ನು ಕಿವಿಯಲ್ಲಿ ಹೇಳುವವಳು ಸೋದರತ್ತೆ. ಹನ್ನೆರಡನೆಯ ದಿನದವರೆಗೆ ಕಾಯುವಂತಿರಲಿಲ್ಲ. ಈಗಲೇ ಹೇಳಿ ಅಕ್ಕ ಎಂದಳು ಸೇವಂತಿ. ನಾನು ತಿಂಗಳುಗಟ್ಟಲೆ ಯೋಚಿಸಿಯೂ ಒಂದನ್ನು ಆರಿಸಿರಲಿಲ್ಲ. ಬಗ್ಗಿದೆ. ಬಾಯಿಗೆ ಮೂರು ಹೆಸರು ಒಟ್ಟಿಗೆ ಬಂದವು, ಮೂರನ್ನೂ ಹೇಳಿಬಿಟ್ಟೆ. ತಪ್ಪಾಯಿತೆಂದು ನಾಲಗೆ ಕಚ್ಚಿಕೊಂಡೆ. ಸೇವಂತಿ, "ಇರಲಿ ಬಿಡಿ, ಮೂರೂ ಇಟ್ಕೊಳ್ಳಲಿ," ಎಂದಳು. ನನ್ನ ದನಿ ಕೇಳಿದ ಕಡೆಗೆ ಕೂಸು ಮುಖ ಹೊರಳಿಸಿತ್ತು.

ಅದನ್ನು ಎಲ್ಲರೂ ಕಂಡರು. ಹೊತ್ತವರೆಲ್ಲ ಅಷ್ಟರಲ್ಲಿ ಕೆಲಸ ಬಿಟ್ಟು ಬಂದು ಆಸ್ಪತ್ರೆಯ ಜಗಲಿಯಲ್ಲಿ, ಬೀದಿಯಲ್ಲಿ ನಿಂತಿದ್ದರು. ಸೇವಂತಿಯ ಮಂಚವನ್ನು ಬಾಗಿಲ ಹತ್ತಿರ ಎಳೆದರು. ಜುಲೇಖಾಬಿ ಹೊರಗಿನಿಂದ ಮೆಲ್ಲಗೆ, ಬಳೇ ಎಂದಳು. ಕೂಸು ಅತ್ತ ಹೊರಳಿತು. ವೀರಾಚಾರಿಯವರು ಜೇಬಿನಿಂದ ಸಣ್ಣ ಗಂಟೆ ತೆಗೆದು ಬೆರಳಿನಿಂದ ಮಿಡಿದರು. ಅದರ ಹುಬ್ಬು ಏರಿತು. ಈರಣ್ಣನಿಗೆ ಎಲ್ಲರೆದುರು ಮಾತು ಹೊರಡಲಿಲ್ಲ, ತುಟಿಯನ್ನು ಅದರ ತಲೆಗೆ ಹಚ್ಚಿ ಗಿರಣಿಯಲ್ಲಿ ಹೇಳಿದ್ದನ್ನೇ ಏನೋ ಹೇಳಿದ. ಒಬ್ಬೊಬ್ಬರೂ ಒಂದೊಂದು ಮಾತು ಹೇಳಿದರು. ಹೊರಗಿನ ಲೋಕಕ್ಕೆ ಆಗತಾನೆ ಬಂದ ಆ ಕೂಸಿಗೆ ಅಲ್ಲಿ ಅಪರಿಚಿತರೇ ಇರಲಿಲ್ಲ. ನಾನು ನನ್ನ ಜೀವಮಾನದಲ್ಲಿ ಅಂಥದ್ದನ್ನು ಕಂಡಿಲ್ಲ. ಅಷ್ಟು ಜನ ನಿಂತ ಬೀದಿಯಲ್ಲಿ ಚಪ್ಪಲಿಯ ಸದ್ದೂ ಇರಲಿಲ್ಲ.

ಸೂರ್ಯ ಕೆರೆಯಾಚೆ ಇಳಿದ. ಕೂಸಿನ ಉಸಿರು ವಿರಳವಾಗುತ್ತಿತ್ತು. ನರ್ಸಮ್ಮ ಅದರ ಎದೆಯ ಮೇಲೆ ಒಂದು ಬೆರಳಿಟ್ಟು ಕೂತಿದ್ದಳು. ನಾನು ಗಂಟೆ ಬಾರಿಸಲು ಹೋಗಬೇಕಾದ ಹೊತ್ತು. ಎದ್ದೆ. ಎಲ್ಲರೂ ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿದ್ದದ್ದು ನನ್ನ ಮನಸ್ಸಿನಲ್ಲೂ ಇತ್ತು. ನಮಗೆ ದೀಪವೆಂದರೆ ವಾಪಸ್ ಕೊಡುವ ಹೊತ್ತು, ಹುಟ್ಟಿದಾಗಿನಿಂದ ಮೈಗೆ ಹತ್ತಿದ ಲೆಕ್ಕ ಅದು. ಹಗಲಿಗೆ ಬಂದ ಕೂಸು ದೀಪಕ್ಕೆ ಹೋಗಬೇಕು. ದೀಪ ಹತ್ತದಿದ್ದರೆ ಇನ್ನೂ ಹಗಲು. ನಾನು ಮತ್ತೆ ಕೂತೆ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ಗಂಟೆ ಬಾರಿಸಲಿಲ್ಲ.

ಕತ್ತಲು ಕವಿಯಿತು. ಯಾವ ಮನೆಯಲ್ಲೂ, ಆಸ್ಪತ್ರೆಯಲ್ಲೂ ದೀಪವಿಲ್ಲ. ಅಂಗಡಿಯವರು ಕತ್ತಲಲ್ಲೇ ನಿಂತಿದ್ದರು. ಯಾರೂ ನನ್ನನ್ನು ಕೇಳಲಿಲ್ಲ, ಪುರಸಭೆಯ ಅಧಿಕಾರಿಯೂ ಅಲ್ಲೇ ಗುಂಪಿನಲ್ಲಿ ಕೈಕಟ್ಟಿ ನಿಂತಿದ್ದರು. ಇಡೀ ಊರು ಉಸಿರು ಬಿಗಿಹಿಡಿದು ಒಂದು ಹಗಲನ್ನು ಜಗ್ಗುತ್ತಿತ್ತು. ನಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು.

"ಅಕ್ಕ," ಎಂದಳು ಸೇವಂತಿ. ಕತ್ತಲಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. "ಯಾಕೆ ಕೂತಿದ್ದೀರಾ? ದೀಪ ಹಾಕಿ."

ನಾನು ಏಳಲಿಲ್ಲ. ಇನ್ನು ಸ್ವಲ್ಪ ಹೊತ್ತು ಇರಲಿ ಎಂದೆ.

"ಇನ್ನೂ ಉಸಿರಿದೆ ಅಕ್ಕ. ನನ್ನ ಮಡಿಲಲ್ಲಿದ್ದಾಳೆ. ಈಗ ದೀಪ ಬಿದ್ರೆ ನನ್ನವಳು. ಆಮೇಲಾದ್ರೆ ಯಾರವಳು?"

ಹುಟ್ಟಿದ ಕೂಸಿನ ದೀಪ ನಮ್ಮಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ. ಉಳಿಯುವ ಮಕ್ಕಳಿಗೆ ಆ ದೀಪ ಹೇಗೂ ಬರುತ್ತದೆ, ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ. ಅವಳು ಕೇಳಿದ್ದ ಒಂದೇ ಒಂದನ್ನು ನಾವು ಪ್ರೀತಿಯಿಂದಲೇ ಕಸಿದುಕೊಳ್ಳುತ್ತಿದ್ದೆವು.

ನಾನು ಓಡಿದೆ. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಚಪ್ಪಲಿ ಕಳಚಿ ಬಿತ್ತು, ಸೆರಗು ಯಾರದೋ ಸೈಕಲ್ಲಿಗೆ ಸಿಕ್ಕಿ ಹರಿಯಿತು. ಕೋಣೆಯ ಬೀಗಕ್ಕೆ ಕೀಲಿ ಹೊಗಲಿಲ್ಲ, ತಲೆಕೆಳಗಾಗಿ ಹಿಡಿದಿದ್ದೆ. ತಿರುಗಿಸಿದೆ. ಗಂಟೆಯಿಲ್ಲ, ಎರಡೂ ಕಡೆ ನೋಡುವುದಿಲ್ಲ. ಒಂದೇ ಕೈಯಲ್ಲಿ ಹಿಡಿ ಎತ್ತಿದೆ.

ಊರು ಹತ್ತಿಕೊಂಡಿತು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಕೆರೆ ಏರಿಯ ಮೇಲೆ, ಗಿರಣಿಯ ಮುಂದೆ, ಕೂಸು ಹೋದಲ್ಲೆಲ್ಲ. ನಾನು ದಿನವೂ ಕಂಡದ್ದೇ ಆದರೂ ಆ ಸಂಜೆ, ಇಷ್ಟೊಂದು ದೀಪಗಳು ನನ್ನ ಕೈಯಲ್ಲಿದ್ದವೇ ಎಂದು ಬೆರಗಾಯಿತು. ಬೆರಗಾಗುತ್ತಲೇ ವಾಪಸ್ ಓಡಿದೆ.

ಆಸ್ಪತ್ರೆಯ ಮುಂದಿನ ಕಂಬದ ಬೆಳಕು ಬಾಗಿಲಿನಿಂದ ಮಂಚದ ಮೇಲೆ ಬಿದ್ದಿತ್ತು. ಕೂಸಿನ ಕಣ್ಣು ತೆರೆದಿತ್ತು, ಬೆಳಕಿನ ಕಡೆಗೆ. ನಾನು ನರ್ಸಮ್ಮನ ಬೆರಳನ್ನು ನೋಡಿದೆ. ಬೆರಳು ಮೆಲ್ಲಗೆ ಏರಿತು, ಇಳಿಯಿತು, ಬಹಳ ತಡೆದು ಮತ್ತೆ ಏರಿತು.

"ಕಂಡ್ಳು," ಎಂದಳು ಸೇವಂತಿ. "ಎಲ್ರೂ ನೋಡಿದ್ರಲ್ಲ? ನನ್ನ ಮಗಳು."

ಸೇವಂತಿಯ ಮಗಳು ಎಂದರು ವೀರಾಚಾರಿಯವರು. ಜಗಲಿಯಿಂದ ಬೀದಿಗೆ, ಬೀದಿಯಿಂದ ಆಚೆ ಬೀದಿಗೆ ಆ ಮಾತು ಹೋಯಿತು, ಸೇವಂತಿಯ ಮಗಳು ಎಂದು. ಅದು ಹೋದ ಕಡೆಯಲ್ಲೆಲ್ಲ ಮನೆಗಳಲ್ಲಿ ಒಂದೊಂದೇ ದೀಪ ಹಚ್ಚತೊಡಗಿದರು.

ಸ್ವಲ್ಪ ಹೊತ್ತಾದ ಮೇಲೆ ನರ್ಸಮ್ಮ ಬೆರಳು ತೆಗೆದಳು.

ಮೊದಲು ಅತ್ತವಳು ನಂಜಜ್ಜಿ. ಎಷ್ಟೋ ಕೂಸುಗಳನ್ನು ಸದ್ದಿಲ್ಲದೆ ಮಣ್ಣು ಮಾಡಿದವಳು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಳ್ಳದೆ, ದೊಡ್ಡ ದನಿಯಲ್ಲಿ ಅತ್ತಳು. ಆಮೇಲೆ ನನ್ನ ತಮ್ಮ. ಆಮೇಲೆ ದೀಪದ ಬೆಳಕಿನಲ್ಲಿ ನಿಂತಿದ್ದ ನಾವೆಲ್ಲ. ನಮಗೆ ಹಕ್ಕಿತ್ತು.